ಊರಿನಲ್ಲಿ ತೆಗೆಸಿದ ಹಲ್ಲಿನ ಎಕ್ಸ್‌ರೇಯನ್ನು ಇಲ್ಲಿನ ವೈದ್ಯರಿಗೆ ತಲುಪಿಸುವುದು ಹೇಗೆ?

ನೆಕ್ಕರ್ ತೀರ

ಸ್ಟುಟ್‌ಗಾರ್ಟ್‌ನಲ್ಲಿ ಆರು ವರ್ಷಗಳಿಂದ ಇದ್ದೇನೆ. ಕಳೆದ ಡಿಸೆಂಬರಿನಲ್ಲಿ ರಜೆಗೆಂದು ಮೈಸೂರಿಗೆ ಹೋಗಿದ್ದಾಗ, ಬಹಳ ದಿನಗಳಿಂದ ಕಾಡುತ್ತಿದ್ದ ಕೆಳಗಿನ ಬಲಗಡೆಯ ದವಡೆ ಹಲ್ಲಿಗೆ ಅಲ್ಲಿಯೇ ರೂಟ್ ಕೆನಾಲ್ ಮಾಡಿಸಿ, ಹೊರಡುವ ಹಿಂದಿನ ದಿನ ಕ್ಯಾಪ್ ಕೂರಿಸಿಕೊಂಡು ವಿಮಾನ ಹತ್ತಿದೆ. ಬಂದ ದಿನದಿಂದಲೂ ಆ ಹಲ್ಲಿನ ಮೇಲೆ ಗಟ್ಟಿಯಾದದ್ದನ್ನು ಕಚ್ಚಿದರೆ ಒಳಗೆಲ್ಲೋ ಚುಳುಕ್ಕೆನ್ನುತ್ತದೆ. ಹೊಸ ಚಪ್ಪಲಿಯ ಹಾಗೆ ಇದೂ ಹೊಂದಿಕೊಂಡೀತು ಎಂದು ಮೂರು ತಿಂಗಳು ಕಾದು, ಕೊನೆಗೆ ಇಲ್ಲಿನ ದಂತವೈದ್ಯರ ಬಳಿ ಹೋದೆ.

ಅವರು ಬಾಯಿ ತೆರೆಸುವ ಮುನ್ನವೇ ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಎಕ್ಸ್‌ರೇಗಳನ್ನು ಕೇಳಿದರು. ನನ್ನ ಬಳಿ ಇದ್ದದ್ದು ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದೇ ಚಿತ್ರ. ಅದೂ ಕಂಪ್ಯೂಟರ್ ಪರದೆಯನ್ನು ಮೊಬೈಲಿನಲ್ಲಿ ಹಿಡಿದದ್ದು, ಮೇಲಿನ ಟ್ಯೂಬ್‌ಲೈಟಿನ ಬಿಳಿ ಗೆರೆ ಸರಿಯಾಗಿ ಬೇರಿನ ತುದಿಯ ಮೇಲೆಯೇ ಬಿದ್ದಿದೆ. ವೈದ್ಯರು ಅದನ್ನು ಸೌಜನ್ಯದಿಂದ ನೋಡಿ, ಇದರಿಂದ ತಾವು ಏನನ್ನೂ ಹೇಳಲಾರೆವು ಎಂದರು. ಮೈಸೂರಿನ ಚಿಕಿತ್ಸಾಲಯದಿಂದ ನಾನು ನಿಖರವಾಗಿ ಏನನ್ನು ಕೇಳಿ ತರಿಸಿಕೊಳ್ಳಬೇಕು? ಇಲ್ಲಿ ಮತ್ತೊಮ್ಮೆ ಹೊಸದಾಗಿ ತೆಗೆಸಿದರೆ ಸಾಲದೆ? ಪದೇ ಪದೇ ಕಿರಣಕ್ಕೆ ಒಡ್ಡಿಕೊಳ್ಳುವ ಬಗ್ಗೆ ಮನೆಯವರಿಗೆ ಆತಂಕವಿದೆ.

ಹೆಸ್ಸೆನ್ ದಂತವೈದ್ಯೆ

ದಾವಣಗೆರೆಯಲ್ಲಿ ಬಿಡಿಎಸ್ ಓದಿ, ಈಗ ಜರ್ಮನಿಯಲ್ಲಿಯೇ ಕೆಲಸ ಮಾಡುತ್ತಿರುವುದರಿಂದ ಎರಡೂ ಕಡೆಯ ರೂಢಿಗಳನ್ನು ಬಲ್ಲೆ. ಹೊಸದಾಗಿ ತೆಗೆಸಿದರೆ ಸಾಲದೆ ಎಂಬ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಾಲದು.

ರೂಟ್ ಕೆನಾಲ್ ಆದ ಹಲ್ಲಿನ ಬೇರಿನ ತುದಿಯಲ್ಲಿ ಒಂದು ಕಪ್ಪು ಛಾಯೆ ಕಂಡಿತೆಂದುಕೊಳ್ಳಿ. ಅದು ಮೊದಲು ಕಡಲೆಕಾಳಿನಷ್ಟಿದ್ದು ಈಗ ಸಾಸಿವೆಯಷ್ಟಾಗಿದ್ದರೆ ಮೂಳೆ ಕೂಡಿಕೊಳ್ಳುತ್ತಿದೆ, ಕೈ ಹಾಕದೆ ಕಾಯಬೇಕು. ಮೊದಲು ಏನೂ ಇಲ್ಲದೆ ಈಗ ಸಾಸಿವೆಯಷ್ಟು ಹುಟ್ಟಿದ್ದರೆ ಸೋಂಕು ಉಳಿದಿದೆ, ಕಾಲುವೆಯನ್ನು ಮತ್ತೆ ತೆರೆಯಬೇಕಾಗಬಹುದು. ಇಂದಿನ ಚಿತ್ರದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟಾಗ ಮಾತ್ರ ಎರಡು ವಿರುದ್ಧ ತೀರ್ಮಾನಗಳು ಬೇರೆಯಾಗುತ್ತವೆ. ಯುರೋಪಿನ ಎಂಡೋಡಾಂಟಿಕ್ಸ್, ಎಂದರೆ ರೂಟ್ ಕೆನಾಲ್ ಚಿಕಿತ್ಸೆಯ, ಸಂಘದ ಮಾರ್ಗಸೂಚಿಯು ಚಿಕಿತ್ಸೆಯಾದ ಕನಿಷ್ಠ ಒಂದು ವರ್ಷದ ನಂತರ ಎಕ್ಸ್‌ರೇ ತೆಗೆದು ನೋಡಬೇಕೆಂದೂ, ಪೂರ್ತಿ ವಾಸಿಯಾಗದಿದ್ದರೆ 4 ವರ್ಷಗಳವರೆಗೆ ಗಮನಿಸಬಹುದೆಂದೂ ಹೇಳುತ್ತದೆ. ಅಷ್ಟು ಅವಧಿಯಲ್ಲಿ ನಮ್ಮಂಥವರು ಎರಡು ದೇಶ, ಮೂರು ಊರು ಬದಲಿಸಿರುತ್ತೇವೆ.

ಆದ್ದರಿಂದ ಒಂದು ಚಿತ್ರವನ್ನಲ್ಲ, ಆ ಹಲ್ಲಿನ ಎಲ್ಲ ಚಿತ್ರಗಳನ್ನೂ ಕೇಳಿ: ಆರಂಭಿಸುವ ಮುನ್ನ ತೆಗೆದದ್ದು, ಕಾಲುವೆಯೊಳಗೆ ಸೂಜಿಯಂಥ ಫೈಲ್ ಇಟ್ಟು ಉದ್ದ ಅಳೆಯುವಾಗ ತೆಗೆದದ್ದು, ತುಂಬಿಸಿದ ಮೇಲೆ ತೆಗೆದದ್ದು. ಊರಿನಲ್ಲಿ ಬಾಯಿಯೊಳಗೆ ಸೆನ್ಸರ್ ಇಟ್ಟು ತೆಗೆಯುವ ಚಿಕ್ಕ ಡಿಜಿಟಲ್ ಎಕ್ಸ್‌ರೇಗೆ ಎಲ್ಲರೂ ಆರ್‌ವಿಜಿ ಎಂದೇ ಹೇಳುತ್ತಾರೆ. ಇದು ರೇಡಿಯೋವಿಸಿಯೋಗ್ರಫಿ ಎಂಬುದರ ಹ್ರಸ್ವರೂಪ. 1987ರಲ್ಲಿ ಫ್ರಾನ್ಸಿನಿಂದ ಬಂದ ಮೊದಲ ಡಿಜಿಟಲ್ ದಂತ ಎಕ್ಸ್‌ರೇ ಯಂತ್ರದ ಹೆಸರು ನಮ್ಮಲ್ಲಿ ಇಡೀ ಜಾತಿಗೇ ಅಂಟಿಕೊಂಡಿತು. ಜರ್ಮನಿಯಲ್ಲಿ ಆರ್‌ವಿಜಿ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಇಡೀ ದವಡೆಯ ಅಗಲವಾದ ಚಿತ್ರಕ್ಕೆ ಮಾತ್ರ ಎರಡೂ ಕಡೆ ಒಪಿಜಿ ಎಂದೇ ಹೆಸರು.

ಜೆ.ಪಿ. ನಗರದ ಟೆಕ್ಕಿ

ವೈದ್ಯಕೀಯ ಚಿತ್ರಗಳ ತಂತ್ರಾಂಶದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದರಿಂದ ಕಡತದ ಬಗ್ಗೆ ನಾಲ್ಕು ಮಾತು ಹೇಳಬಲ್ಲೆ. ನೀವು ಕೇಳಬೇಕಾದ ಶಬ್ದ ಡೈಕಾಮ್. ವೈದ್ಯಕೀಯ ಚಿತ್ರಗಳಿಗಾಗಿಯೇ ರೂಪುಗೊಂಡಿರುವ ಈ ಅಂತರರಾಷ್ಟ್ರೀಯ ನಮೂನೆಯಲ್ಲಿ ಚಿತ್ರದ ಜೊತೆಗೆ ರೋಗಿಯ ಹೆಸರು, ಜನ್ಮದಿನಾಂಕ, ತೆಗೆದ ದಿನ, ಯಂತ್ರದ ವಿವರ, ಒಂದೊಂದು ಬಿಂದುವಿನ ನಿಜವಾದ ಅಳತೆ ಎಲ್ಲವೂ ಒಂದೇ ಕಡತದೊಳಗೆ ಕೂತಿರುತ್ತವೆ. ಸೆನ್ಸರ್‌ಗಳು ಸಾಮಾನ್ಯವಾಗಿ 12 ಬಿಟ್‌ಗಳಲ್ಲಿ, ಎಂದರೆ ಬಿಳಿಯಿಂದ ಕಪ್ಪಿನವರೆಗೆ 4096 ಮೆಟ್ಟಿಲುಗಳಲ್ಲಿ, ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ಬೂದುಬಣ್ಣವನ್ನು ದಾಖಲಿಸುತ್ತವೆ. ನಾವು ಬಳಸುವ ಜೆಪೆಗ್‌ನಲ್ಲಿ ಉಳಿಯುವುದು 256 ಮೆಟ್ಟಿಲು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದಾಗ ಅದು ಮತ್ತಷ್ಟು ಹಿಂಡಿಹೋಗುತ್ತದೆ. ಅದೇ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಕಡತ ಇದ್ದ ಹಾಗೆಯೇ ತಲುಪುತ್ತದೆ. ಬಹಳಷ್ಟು ಜನರಿಗೆ ಇಷ್ಟು ಗೊತ್ತಿದ್ದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ದವಡೆಯ ಮೂರು ಆಯಾಮದ ಸ್ಕ್ಯಾನ್, ಎಂದರೆ ಸಿಬಿಸಿಟಿ, ಆಗಿದ್ದರೆ ಮಾತು ಬೇರೆ. ಅದು ಒಂದು ಚಿತ್ರವಲ್ಲ, ನೂರಾರು ಪದರಗಳ ಫೋಲ್ಡರ್. ಸ್ಕ್ಯಾನ್ ಕೇಂದ್ರದವರು ಕೊಡುವ ಹೊಳೆಯುವ ಕಾಗದದ ಮುದ್ರಿತ ಹಾಳೆಗಳು ಮನೆಯ ಬೀರುವಿನಲ್ಲಿಡಲು ಚೆನ್ನಾಗಿವೆ, ಬೇರೆ ದೇಶದ ಶಸ್ತ್ರವೈದ್ಯರಿಗೆ ಬೇಕಾದದ್ದು ಮೂಲ ಪದರಗಳೇ. ಫೋಲ್ಡರನ್ನು ಬಿಡಿಸದೆ ಜಿಪ್ ಮಾಡಿ ಇಟ್ಟುಕೊಳ್ಳಿ.

ಹುಬ್ಬಳ್ಳಿ ಕ್ಲಿನಿಕ್

ಇನ್ನೊಂದು ಬದಿಯ ಮಾತನ್ನೂ ಕೇಳಬೇಕು. ನಾನು ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷಗಳಿಂದ ಸಣ್ಣ ದಂತ ಚಿಕಿತ್ಸಾಲಯ ನಡೆಸುತ್ತಿದ್ದೇನೆ, ಡಿಸೆಂಬರ್ ಮತ್ತು ಜುಲೈ ಬಂತೆಂದರೆ ಹೊರದೇಶದ ರೋಗಿಗಳದ್ದೇ ಸಾಲು. ಅವರಲ್ಲಿ ಹೆಚ್ಚಿನವರು ದಾಖಲೆ ಕೇಳುವುದು ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿಯಲ್ಲಿ ಕುಳಿತ ಮೇಲೆ. ಆ ಹೊತ್ತಿಗೆ ಕುರ್ಚಿಯ ಮೇಲೆ ಇನ್ನೊಬ್ಬ ರೋಗಿ ಬಾಯಿ ತೆರೆದು ಮಲಗಿರುತ್ತಾನೆ, ನನ್ನ ಸಹಾಯಕಿ ತನಗೆ ತಿಳಿದ ಸುಲಭ ದಾರಿಯಲ್ಲಿ ಪರದೆಯ ಫೋಟೋ ತೆಗೆದು ಕಳುಹಿಸುತ್ತಾಳೆ. ನೆಕ್ಕರ್ ತೀರದವರ ಟ್ಯೂಬ್‌ಲೈಟ್ ಹೀಗೆಯೇ ಬಂದಿರಬೇಕು.

ಡೈಕಾಮ್ ಇಲ್ಲದಿದ್ದರೆ ಏನೂ ಇಲ್ಲ ಎಂಬ ಧಾಟಿಯನ್ನೂ ನಾನು ಒಪ್ಪುವುದಿಲ್ಲ. ಆರ್‌ವಿಜಿ ತಂತ್ರಾಂಶಗಳು ಚಿತ್ರಗಳನ್ನು ತಮ್ಮದೇ ಭಂಡಾರದಲ್ಲಿ, ತಮ್ಮದೇ ರೂಪದಲ್ಲಿ ಇಟ್ಟುಕೊಳ್ಳುತ್ತವೆ, ಅಗ್ಗದ ಆವೃತ್ತಿಗಳಲ್ಲಿ ಡೈಕಾಮ್ ಆಗಿ ಹೊರತೆಗೆಯುವ ಸೌಲಭ್ಯವೇ ಇಲ್ಲದಿರಬಹುದು. ಅಲ್ಲಿ ಟಿಫ್ ಅಥವಾ ಪಿಎನ್‌ಜಿ ರೂಪದಲ್ಲಿ ತೆಗೆದರೆ ಸಾಕು, ಹಿಂಡುವಿಕೆಯಿಂದ ಆಗುವ ನಷ್ಟ ತಪ್ಪುತ್ತದೆ. ಬೇರಿನ ತುದಿಯನ್ನು ಹೋಲಿಸಿ ನೋಡಲು ಅಷ್ಟು ಧಾರಾಳವಾಗಿ ಸಾಕಾಗುತ್ತದೆ. ಕೇಳುವ ಕಾಲ ಮಾತ್ರ ಬದಲಾಗಬೇಕು. ಮೊದಲ ಭೇಟಿಯ ದಿನವೇ, ನಾನು ಹೊರದೇಶಕ್ಕೆ ಮರಳುವವನು, ನನಗೆ ಎಲ್ಲ ಚಿತ್ರಗಳೂ ಚಿಕಿತ್ಸೆಯ ಸಾರಾಂಶವೂ ಬೇಕು ಎಂದು ಹೇಳಿಬಿಡಿ.

ಹೆಸ್ಸೆನ್ ದಂತವೈದ್ಯೆ

ಟಿಫ್ ವಿಷಯದಲ್ಲಿ ಹುಬ್ಬಳ್ಳಿಯವರ ಮಾತು ಸರಿ, ಚಿಕ್ಕ ಚಿತ್ರಗಳ ಮಟ್ಟಿಗೆ ನಾನು ಒಪ್ಪುತ್ತೇನೆ. ಸಿಬಿಸಿಟಿಗೆ ಮಾತ್ರ ಡೈಕಾಮ್ ಬಿಟ್ಟರೆ ಗತಿಯಿಲ್ಲ.

ಎಡಿಸನ್ ಕನ್ನಡಿಗ

ಸಾರಾಂಶದ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನಮ್ಮ ಮನೆಯಲ್ಲಿ ಒಂದು ಹಲ್ಲು ಅಂಕಿಯ ಗೊಂದಲದಿಂದ ಬಲಿಯಾಗುವುದರಲ್ಲಿತ್ತು. ನ್ಯೂಜೆರ್ಸಿಯ ವೈದ್ಯರು ನನ್ನ ತಾಯಿಯ 14ನೆಯ ಹಲ್ಲನ್ನು ಕೀಳಿಸಬೇಕಾದೀತು ಎಂದು ಬರೆದುಕೊಟ್ಟಿದ್ದರು. ವಿಮೆ ಇಲ್ಲದ ಕಾರಣ ಆ ಚೀಟಿ ಹಿಡಿದು ಅವರು ಊರಿಗೆ ಹೋದರು. ಅಮೆರಿಕದಲ್ಲಿ ಹಲ್ಲುಗಳನ್ನು ಮೇಲಿನ ಬಲಗಡೆಯ ಕೊನೆಯಿಂದ ಆರಂಭಿಸಿ 1ರಿಂದ 32ರವರೆಗೆ ಸುತ್ತಿ ಎಣಿಸುತ್ತಾರೆ. ಆ ಲೆಕ್ಕದಲ್ಲಿ 14 ಎಂದರೆ ಮೇಲಿನ ಎಡಗಡೆಯ ಮೊದಲ ದವಡೆ ಹಲ್ಲು. ಭಾರತದಲ್ಲಿಯೂ ಯುರೋಪಿನಲ್ಲಿಯೂ ಬಳಕೆಯಲ್ಲಿರುವ ಎಫ್‌ಡಿಐ ಪದ್ಧತಿಯಲ್ಲಿ ಮೊದಲ ಅಂಕಿ ಬಾಯಿಯ ಕಾಲುಭಾಗವನ್ನೂ ಎರಡನೆಯದು ನಡುಗೆರೆಯಿಂದ ಎಷ್ಟನೆಯ ಹಲ್ಲು ಎಂಬುದನ್ನೂ ಸೂಚಿಸುತ್ತದೆ, ಆ ಲೆಕ್ಕದಲ್ಲಿ 14 ಎಂದರೆ ಮೇಲಿನ ಬಲಗಡೆಯ ಮೊದಲ ಸಣ್ಣ ದವಡೆ ಹಲ್ಲು. ಇನ್ನೊಂದು ಬದಿಯ, ಇನ್ನೊಂದು ಬಗೆಯ, ಸಂಪೂರ್ಣ ಆರೋಗ್ಯವಾಗಿದ್ದ ಹಲ್ಲು! ಜೊತೆಯಲ್ಲಿದ್ದ ಎಕ್ಸ್‌ರೇಯಲ್ಲಿ ಅಗಲವಾದ ದವಡೆ ಹಲ್ಲು ಕಾಣಿಸಿದ್ದರಿಂದ ಅಲ್ಲಿನ ವೈದ್ಯೆಗೆ ಅನುಮಾನ ಬಂದು ನಮಗೆ ಕರೆ ಮಾಡಿದರು.

ಆದ್ದರಿಂದ ಯಾವ ದೇಶದ ಚೀಟಿಯಾದರೂ ಅಂಕಿಯ ಪಕ್ಕದಲ್ಲಿ ಮೇಲಿನ ಎಡ, ಕೆಳಗಿನ ಬಲ ಎಂದು ಮಾತಿನಲ್ಲಿ ಬರೆಸಿಕೊಳ್ಳಿ. ದಿನಾಂಕವನ್ನೂ ಹಾಗೆಯೇ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವುದರಿಂದ 03/07 ಎಂಬುದು ಊರಿನಲ್ಲಿ ಜುಲೈ ಆಗಿಬಿಡುತ್ತದೆ.

ಹುಬ್ಬಳ್ಳಿ ಕ್ಲಿನಿಕ್

ಎಡ ಬಲದ ಬಗ್ಗೆ ಇನ್ನೊಂದು ಎಚ್ಚರಿಕೆ. ಒಪಿಜಿಯನ್ನು ರೋಗಿ ನಮ್ಮೆದುರು ನಿಂತಿರುವಂತೆ ನೋಡುವುದು ರೂಢಿ, ಆದ್ದರಿಂದ ಚಿತ್ರದ ಎಡಭಾಗದಲ್ಲಿ ಇರುವುದು ನಿಮ್ಮ ಬಲದವಡೆ. ಪರದೆಯ ಫೋಟೋವನ್ನು ಕತ್ತರಿಸುವಾಗ ಮೂಲೆಯಲ್ಲಿರುವ ಬಲ ಅಥವಾ ಎಡದ ಗುರುತು ಹೋಗಿರುತ್ತದೆ, ಕೆಲವು ಫೋನುಗಳು ಚಿತ್ರವನ್ನು ಕನ್ನಡಿಯಂತೆ ಮಗುಚಿರುತ್ತವೆ. ಹಳೆಯ ಫಿಲ್ಮ್‌ಗಳ ಮೇಲೆ ಬೆರಳಿಗೆ ಸಿಗುವ ಒಂದು ಉಬ್ಬುಚುಕ್ಕೆ ಇರುತ್ತಿತ್ತು, ಅದು ಯಾವ ಮಗ್ಗುಲು ಎಂದು ಕತ್ತಲಲ್ಲಿಯೂ ಹೇಳುತ್ತಿತ್ತು. ಆ ಚುಕ್ಕೆಯ ಕೆಲಸವನ್ನು ಈಗ ಕಡತದೊಳಗಿನ ಮಾಹಿತಿ ಮಾಡುತ್ತದೆ, ಫೋಟೋದಲ್ಲಿ ಅದು ಇರುವುದಿಲ್ಲ.

ದೇರಾ ದುಬೈ

ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬಂದರೆ ವಿಮಾನ ನಿಲ್ದಾಣದ ಸ್ಕ್ಯಾನರ್‌ನಿಂದ ಚಿತ್ರ ಹಾಳಾಗುತ್ತದೆಯೆ?

ಜೆ.ಪಿ. ನಗರದ ಟೆಕ್ಕಿ

ಇಲ್ಲ. ಆದರೆ ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ಯುರೋಪಿನ ಅನೇಕ ಚಿಕಿತ್ಸಾಲಯಗಳು ವೈರಸ್ ಭಯದಿಂದ ಹೊರಗಿನ ಪೆನ್‌ಡ್ರೈವನ್ನು ತಮ್ಮ ಕಂಪ್ಯೂಟರಿಗೆ ಚುಚ್ಚುವುದೇ ಇಲ್ಲ. ಕ್ಲೌಡ್‌ನಲ್ಲಿ ಇಟ್ಟು ಕೊಂಡಿ ಕಳುಹಿಸಬಹುದೆ ಎಂದು ಮೊದಲೇ ವಿಚಾರಿಸಿ.

ದೇರಾ ದುಬೈ

ಧನ್ಯವಾದ. ನಮ್ಮ ಕಡೆಯ ಒಂದು ಸಂಗತಿ ಹೇಳುತ್ತೇನೆ. ಯುಎಇಯ 2019ರ 2ನೆಯ ಸಂಖ್ಯೆಯ ಒಕ್ಕೂಟ ಕಾನೂನಿನ ಪ್ರಕಾರ ಆರೋಗ್ಯ ದಾಖಲೆಗಳನ್ನು ಕೊನೆಯ ಚಿಕಿತ್ಸೆಯಿಂದ ಕನಿಷ್ಠ 25 ವರ್ಷ ಉಳಿಸಬೇಕು. ಕೆಲಸ ಬಿಟ್ಟು ಊರಿಗೆ ಮರಳಿದವರಿಗೆ ಇದು ದೊಡ್ಡ ಅನುಕೂಲ. ಅದೇ ಕಾನೂನು, ನಿಗದಿಯಾದ ವಿನಾಯಿತಿಗಳನ್ನು ಬಿಟ್ಟು, ಆ ದಾಖಲೆಗಳನ್ನು ದೇಶದ ಹೊರಗೆ ಇಡುವುದನ್ನೂ ಕಳುಹಿಸುವುದನ್ನೂ ನಿರ್ಬಂಧಿಸುತ್ತದೆ. ಮಂಗಳೂರಿನ ವೈದ್ಯರಿಗೆ ನೇರವಾಗಿ ಈಮೇಲ್ ಮಾಡಿ ಎಂದು ನಾನು ಕೇಳಿದಾಗ ಇಲ್ಲಿನ ಚಿಕಿತ್ಸಾಲಯದವರು ಹಿಂಜರಿದದ್ದು ಇದೇ ಕಾರಣಕ್ಕೆ. ನನ್ನ ಪ್ರತಿಯನ್ನು ನನ್ನ ಕೈಗೆ ಕೊಡಲು ಅವರಿಗೆ ಯಾವ ತಕರಾರೂ ಇರಲಿಲ್ಲ. ವೀಸಾ ರದ್ದಾಗುವ ಮುನ್ನ ಇದನ್ನು ಮುಗಿಸಿಕೊಳ್ಳುವುದು ಮೇಲು.

ನೆಕ್ಕರ್ ತೀರ

ಬಹಳ ಉಪಕಾರವಾಯಿತು. ಮನೆಯವರ ಕಿರಣದ ಪ್ರಶ್ನೆ ಹಾಗೆಯೇ ಉಳಿಯಿತು. ಮೈಸೂರಿನಲ್ಲಿ ಐದಾರು ಬಾರಿ ತೆಗೆದಿದ್ದಾರೆ, ಈಗ ಇಲ್ಲಿ ಮತ್ತೊಂದು.

ಹೆಸ್ಸೆನ್ ದಂತವೈದ್ಯೆ

ಲೆಕ್ಕವನ್ನೇ ಇಡುತ್ತೇನೆ. ದೇಹಕ್ಕೆ ತಗಲುವ ಕಿರಣವನ್ನು ಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ, ಸಾವಿರ ಮೈಕ್ರೋಸೀವರ್ಟ್ ಸೇರಿದರೆ ಒಂದು ಮಿಲಿಸೀವರ್ಟ್. ಬಾಯಿಯೊಳಗೆ ಸೆನ್ಸರ್ ಇಟ್ಟು ತೆಗೆಯುವ ಒಂದು ಡಿಜಿಟಲ್ ಎಕ್ಸ್‌ರೇಯಿಂದ ದೇಹಕ್ಕೆ ತಗಲುವುದು ಸಾಮಾನ್ಯವಾಗಿ 10 ಮೈಕ್ರೋಸೀವರ್ಟ್‌ಗಿಂತ ಕಡಿಮೆ, ಒಪಿಜಿಯಿಂದ ಸುಮಾರು 10ರಿಂದ 30. ನೆಲ, ಗಾಳಿ, ಆಹಾರ, ಆಕಾಶಗಳಿಂದ ಸಹಜವಾಗಿಯೇ ಮನುಷ್ಯನಿಗೆ ವರ್ಷಕ್ಕೆ ಜಾಗತಿಕ ಸರಾಸರಿಯಲ್ಲಿ 2.4 ಮಿಲಿಸೀವರ್ಟ್, ಎಂದರೆ ದಿನಕ್ಕೆ ಆರೂವರೆ ಮೈಕ್ರೋಸೀವರ್ಟ್‌ನಷ್ಟು ತಗಲುತ್ತಲೇ ಇರುತ್ತದೆ. ನಿಮ್ಮ ಐದಾರು ಚಿತ್ರಗಳೆಲ್ಲ ಸೇರಿದರೂ ಕೆಲವು ದಿನಗಳ ಸಹಜ ಕಿರಣಕ್ಕೆ ಸಮ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹಾರುವಾಗ ನಾವು ಯಾರೂ ಯೋಚಿಸದೆ ಪಡೆಯುವುದೂ ಹೆಚ್ಚುಕಡಿಮೆ ಅಷ್ಟೇ. ಸಿಬಿಸಿಟಿ ಮಾತ್ರ ಬೇರೆ ತೂಕದ್ದು. ನೋಡುವ ಜಾಗ ಎಷ್ಟು ದೊಡ್ಡದು ಎಂಬುದರ ಮೇಲೆ ಅದು ಹತ್ತಾರು ಮೈಕ್ರೋಸೀವರ್ಟ್‌ಗಳಿಂದ ಹಲವು ನೂರರವರೆಗೆ ಹೋಗುವುದರಿಂದ, ಮಕ್ಕಳಿಗಂತೂ ಎರಡು ದೇಶಗಳಲ್ಲಿ ಎರಡು ಬಾರಿ ಮಾಡಿಸಬಾರದು. ಹಳೆಯ ಫೋಲ್ಡರನ್ನು ಜೋಪಾನವಾಗಿಡಿ ಎನ್ನುವುದಕ್ಕೆ ನನ್ನ ದೃಷ್ಟಿಯಲ್ಲಿ ಅತ್ಯಂತ ಗಟ್ಟಿಯಾದ ಕಾರಣ ಇದು.

ಸೀಸದ ಏಪ್ರನ್ ಹಾಕಲಿಲ್ಲ ಎಂದು ಊರಿನಿಂದ ಬಂದವರು ಇಲ್ಲಿ ಗಾಬರಿಯಾಗುವುದುಂಟು. ಅಮೆರಿಕದ ದಂತವೈದ್ಯರ ಸಂಘವೇ 2024ರ ಫೆಬ್ರುವರಿಯಲ್ಲಿ ಏಪ್ರನ್ ಮತ್ತು ಥೈರಾಯ್ಡ್ ಪಟ್ಟಿ ಇನ್ನು ಅಗತ್ಯವಿಲ್ಲ ಎಂದು ಶಿಫಾರಸು ಮಾಡಿತು. ಕಿರಣ ಬೀಳುವ ಹರವನ್ನು ಕಿರಿದಾಗಿಸುವುದು, ಅನಗತ್ಯ ಚಿತ್ರ ತೆಗೆಯದಿರುವುದು ಅದಕ್ಕಿಂತ ಹೆಚ್ಚಿನ ರಕ್ಷಣೆ. ನೆನಪಿಗೆ ಬಂದದ್ದರಿಂದ ಹೇಳುತ್ತೇನೆ: ರೋಂಟ್‌ಗೆನ್ 1895ರ ನವೆಂಬರಿನಲ್ಲಿ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಈ ಕಿರಣಗಳನ್ನು ಕಂಡ ಕೆಲವೇ ವಾರಗಳಲ್ಲಿ, ಬ್ರೌನ್‌ಷ್ವೈಗ್‌ನ ಒಟ್ಟೊ ವಾಲ್ಕ್‌ಹೋಫ್ ಎಂಬ ದಂತವೈದ್ಯ ತನ್ನದೇ ಹಲ್ಲಿನ ಚಿತ್ರಕ್ಕಾಗಿ 25 ನಿಮಿಷ ಅಲುಗದೆ ಇದ್ದ. ಇಂದು ಅದು ಸೆಕೆಂಡಿನ ಒಂದು ಭಾಗದ ಕೆಲಸ. ರೋಂಟ್‌ಗೆನ್ ಇಟ್ಟ ಅಜ್ಞಾತದ ಎಕ್ಸ್ ನಮ್ಮಲ್ಲಿ ಬೀಜಗಣಿತದ ಕ್ಷ ಆಗಿ ಕ್ಷ-ಕಿರಣವಾಯಿತು. ಆತನ ಸ್ವಂತ ನಾಡಿನವರು ಮಾತ್ರ ಆ ಅಕ್ಷರವನ್ನು ಬಿಟ್ಟು ಆತನ ಹೆಸರನ್ನೇ ಕ್ರಿಯಾಪದ ಮಾಡಿಕೊಂಡಿದ್ದಾರೆ.

ದೇರಾ ದುಬೈ

ಹಾಗಾದರೆ ಊರಿಗೆ ಹೊರಡುವ ಮುನ್ನ ಇಲ್ಲಿಯೇ ಒಂದು ಒಪಿಜಿ ತೆಗೆಸಿ ಕಳುಹಿಸಿ, ಊರಿನ ವೈದ್ಯರಿಂದ ಖರ್ಚಿನ ಅಂದಾಜು ತರಿಸಿಕೊಳ್ಳಬಹುದಲ್ಲವೆ? ನಮ್ಮಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ.

ಹುಬ್ಬಳ್ಳಿ ಕ್ಲಿನಿಕ್

ಮಾಡಬಹುದು, ಆದರೆ ಅದನ್ನು ಅಂದಾಜು ಎಂದೇ ತಿಳಿಯಿರಿ. ಒಪಿಜಿಯಲ್ಲಿ ಜ್ಞಾನದಂತ, ಮೂಳೆಯ ಮಟ್ಟ, ದೊಡ್ಡ ಕೀವುಗಡ್ಡೆ ಚೆನ್ನಾಗಿ ಕಾಣುತ್ತವೆ. ಎರಡು ಹಲ್ಲುಗಳ ನಡುವೆ ಆರಂಭವಾಗುತ್ತಿರುವ ಹುಳುಕು ಅದರಲ್ಲಿ ತಪ್ಪಿಹೋಗುತ್ತದೆ, ಅದಕ್ಕೆ ಕಚ್ಚಿ ಹಿಡಿಸಿ ತೆಗೆಯುವ ಬೈಟ್‌ವಿಂಗ್ ಚಿತ್ರವೇ ಬೇಕು. ಒಪಿಜಿಯಲ್ಲಿ ಎಲ್ಲವೂ ನಿಜಕ್ಕಿಂತ ದೊಡ್ಡದಾಗಿ, ಅದೂ ಎಲ್ಲ ಕಡೆ ಒಂದೇ ಪ್ರಮಾಣದಲ್ಲಲ್ಲದೆ ಕಾಣುವುದರಿಂದ ಅದರ ಮೇಲೆ ಅಳತೆಪಟ್ಟಿ ಇಟ್ಟು ಇಂಪ್ಲಾಂಟ್‌ನ (ಮೂಳೆಯಲ್ಲಿ ಕೂರಿಸುವ ಕೃತಕ ಬೇರಿನ) ಉದ್ದ ಹೇಳುವ ವೈದ್ಯರಿಂದ ದೂರವಿರಿ. ಈಗಾಗಲೇ ಇರುವ ಚಿತ್ರವಿದ್ದರೆ ಕಳುಹಿಸಿ, ಎಷ್ಟು ಭೇಟಿ ಬೇಕಾದೀತು ಎಂದು ಹೇಳಲು ಅನುಕೂಲ. ಇಂಪ್ಲಾಂಟ್ ಮೂಳೆಯಲ್ಲಿ ಕೂಡಿಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕಾಗುವುದರಿಂದ, ಹದಿನೈದು ದಿನದ ರಜೆಯಲ್ಲಿ ಎಲ್ಲವನ್ನೂ ಮುಗಿಸಿಕೊಡಿ ಎಂದು ಬರುವವರಿಗೆ ವಿಮಾನದ ಟಿಕೆಟ್ ಕೊಳ್ಳುವ ಮುನ್ನವೇ ತಿಳಿಸುವುದು ಒಳ್ಳೆಯದು.

ಹೆಸ್ಸೆನ್ ದಂತವೈದ್ಯೆ

ಜರ್ಮನಿಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಕಿರಣ ಸುರಕ್ಷತಾ ಕಾನೂನಿನಂತೆ ಪ್ರತಿ ಚಿತ್ರಕ್ಕೂ ವೈದ್ಯರು ವೈದ್ಯಕೀಯ ಕಾರಣವನ್ನು ದೃಢಪಡಿಸಬೇಕು. ಊರಿಗೆ ಕಳುಹಿಸಲು ಒಂದು ಒಪಿಜಿ ತೆಗೆದುಕೊಡಿ ಎಂಬುದು ಕಾರಣವಾಗುವುದಿಲ್ಲ. ನಿರಾಕರಿಸಿದರೆ ಬೇಸರಪಡಬೇಡಿ.

ಆದರೆ ಈಗಾಗಲೇ ತೆಗೆದ ಚಿತ್ರಗಳನ್ನು ಕೇಳುವುದು ನಿಮ್ಮ ಹಕ್ಕು. ವಯಸ್ಕರ ಎಕ್ಸ್‌ರೇಗಳನ್ನು ಇಲ್ಲಿ 10 ವರ್ಷ ಉಳಿಸಬೇಕು, ಹದಿನೆಂಟು ತುಂಬದವರದ್ದನ್ನು ಅವರಿಗೆ 28 ವರ್ಷವಾಗುವವರೆಗೆ. ಜರ್ಮನಿಯ ರೋಗಿಯೊಬ್ಬರು ತಮ್ಮ ದಂತವೈದ್ಯರಿಂದ ದಾಖಲೆಯ ಪ್ರತಿ ಕೇಳಿ, ವೈದ್ಯರು ಹಣ ಕೇಳಿದ ಕಾರಣ ನಡೆದ ಮೊಕದ್ದಮೆಯಲ್ಲಿ, ಐರೋಪ್ಯ ಒಕ್ಕೂಟದ ನ್ಯಾಯಾಲಯವು 2023ರ ಅಕ್ಟೋಬರ್ 26ರಂದು ಮೊದಲ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದೂ, ಏಕೆ ಬೇಕೆಂದು ರೋಗಿ ಕಾರಣ ಹೇಳಬೇಕಾಗಿಲ್ಲವೆಂದೂ ತೀರ್ಪು ಕೊಟ್ಟಿತು. ಇಡೀ ಯುರೋಪಿನ ವೈದ್ಯಕೀಯ ದಾಖಲೆಗಳ ನಿಯಮ ಒಬ್ಬರ ಹಲ್ಲಿನಿಂದ ತೀರ್ಮಾನವಾದದ್ದು ನಮ್ಮ ವೃತ್ತಿಯವರಿಗೆ ಅಷ್ಟೇನೂ ಹೆಮ್ಮೆಯ ಸಂಗತಿಯಲ್ಲ.

ಎಡಿಸನ್ ಕನ್ನಡಿಗ

ಅಮೆರಿಕದಲ್ಲಿ ರೋಗಿಗಳ ದಾಖಲೆಗಳಿಗೆ ಸಂಬಂಧಿಸಿದ ಹಿಪಾ ಎಂಬ ಕಾನೂನಿನ ನಿಯಮದಂತೆ ಕೇಳಿದ 30 ದಿನಗಳೊಳಗೆ ಕೊಡಬೇಕು, ಪ್ರತಿ ಮಾಡುವ ನ್ಯಾಯವಾದ ವೆಚ್ಚವನ್ನು ವಸೂಲು ಮಾಡಬಹುದು. ಬಾಕಿ ಬಿಲ್ ಇದೆ ಎಂಬ ಕಾರಣಕ್ಕೆ ತಡೆಹಿಡಿಯುವಂತಿಲ್ಲ.

ಲೆಸ್ಟರ್ ಗೃಹಿಣಿ

ಇಂಪ್ಲಾಂಟ್ ವಿಷಯಕ್ಕೆ ನನ್ನದೊಂದು ಅನುಭವ. ಬೆಂಗಳೂರಿನಲ್ಲಿ ಹಾಕಿಸಿದ ಇಂಪ್ಲಾಂಟ್‌ನ ಮೇಲಿನ ಸ್ಕ್ರೂ ಇಲ್ಲಿ ಸಡಿಲವಾಯಿತು. ಬಿಗಿಗೊಳಿಸುವುದು ಐದು ನಿಮಿಷದ ಕೆಲಸವಂತೆ, ಆದರೆ ಒಂದೊಂದು ತಯಾರಕರ ಸ್ಕ್ರೂಗೆ ಒಂದೊಂದು ಬಗೆಯ ತಿರುಪುಳಿ. ಯಾವ ಕಂಪನಿಯದ್ದೆಂದು ನನಗೆ ಗೊತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಕಾಣುವ ಇಂಪ್ಲಾಂಟ್‌ನ ತಿರುಪಿನ ಸುತ್ತು, ಕುತ್ತಿಗೆಯ ಆಕಾರ ನೋಡಿ ಇಲ್ಲಿನ ವೈದ್ಯರು ಎರಡು ವಾರ ಊಹಿಸಿದರು. ಇಂಪ್ಲಾಂಟ್‌ನ ಡಬ್ಬಿಯ ಮೇಲೆ ಅದರ ಹೆಸರು, ಅಳತೆ, ಲಾಟ್ ಸಂಖ್ಯೆ ಇರುವ ಅಂಟುಚೀಟಿ ಇರುತ್ತದೆ. ಅದನ್ನು ಕೇಳಿ ಪಡೆದು ಎಕ್ಸ್‌ರೇ ಕಡತದ ಜೊತೆಯಲ್ಲಿಯೇ ಒಂದು ಫೋಟೋ ತೆಗೆದಿಡಿ.

ನೆಕ್ಕರ್ ತೀರ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮೈಸೂರಿನವರಿಗೆ ಹುಬ್ಬಳ್ಳಿಯವರು ಹೇಳಿದಂತೆ ಟಿಫ್ ಎಂದು ಸ್ಪಷ್ಟವಾಗಿ ಬರೆದು ಕೇಳಿದೆ. ನಿಮ್ಮ ಹೆಸರಿನಲ್ಲಿ ಯಾವ ದಾಖಲೆಯೂ ಇಲ್ಲ ಎಂದು ಉತ್ತರ ಬಂತು. ಎರಡು ದಿನ ಹುಡುಕಾಟ ನಡೆದ ಮೇಲೆ ತಿಳಿದದ್ದೇನೆಂದರೆ, ಭಾರತದ ಸಿಮ್ ನನ್ನ ಬಳಿ ಇಲ್ಲದ್ದರಿಂದ ಮೊದಲ ದಿನ ತಂದೆಯವರ ಮೊಬೈಲ್ ಸಂಖ್ಯೆ ಕೊಟ್ಟಿದ್ದೆ, ಅವರು ಅಲ್ಲಿಯೇ ಕಟ್ಟುಹಲ್ಲು ಮಾಡಿಸಿಕೊಂಡವರಾದ್ದರಿಂದ ತಂತ್ರಾಂಶವು ನನ್ನ ಏಳು ಚಿತ್ರಗಳನ್ನೂ ಅವರ ಖಾತೆಗೆ ಸೇರಿಸಿಬಿಟ್ಟಿತ್ತು. ತಪ್ಪು ನನ್ನದೇ.

ಇಲ್ಲಿನ ವೈದ್ಯರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಚಿಕಿತ್ಸೆಗೆ ಮುಂಚೆ ಇದ್ದ ಛಾಯೆ ಈಗ ಸ್ಪಷ್ಟವಾಗಿ ಕುಗ್ಗಿದೆ, ಕಾಲುವೆಗಳನ್ನು ತುಂಬಿಸಿರುವುದೂ ಸರಿಯಾಗಿದೆ, ಮತ್ತೆ ತೆರೆಯುವ ಪ್ರಶ್ನೆಯೇ ಇಲ್ಲ ಎಂದರು. ಆಮೇಲೆ ನೀಲಿ ಕಾಗದ ಕಚ್ಚಿಸಿ ನೋಡಿದಾಗ ಕ್ಯಾಪ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎತ್ತರವಿದ್ದದ್ದು ಕಂಡಿತು. ಅದನ್ನು ತುಸು ತೀಡಿದರು. ನಿನ್ನೆ ಚಕ್ಕುಲಿ ತಿಂದೆ, ಚುಳುಕ್ಕೆನ್ನಲಿಲ್ಲ.

ಒಂದು ಕೆಲಸ ಮಾತ್ರ ಬಾಕಿ ಇದೆ. ಚಿತ್ರಗಳ ಮೂಲೆಯಲ್ಲಿ ಇನ್ನೂ ತಂದೆಯವರ ಹೆಸರು, 67 ವರ್ಷ ಎಂದೇ ಅಚ್ಚಾಗಿದೆ. ಇಲ್ಲಿನ ಸಹಾಯಕಿ ಅದನ್ನು ನನ್ನ ಕಡತಕ್ಕೆ ಸೇರಿಸಲು ಒಪ್ಪುತ್ತಿಲ್ಲ. ಹೆಸರು ತಿದ್ದಿ, ಸಹಿ ಹಾಕಿದ ಒಂದು ಸಾರಾಂಶದ ಜೊತೆ ಮತ್ತೆ ಕಳುಹಿಸುವುದಾಗಿ ಮೈಸೂರಿನವರು ಹೇಳಿದ್ದಾರೆ.